ನದಿ ನೀರಿನ ಮಾದರಿ ತರುವ ಚಾರಣಿಗರು: ನಮ್ಮ ಬಟ್ಟೆಯ ಎಳೆಯೇ ಬಾಟಲಿಗೆ ಬಿದ್ದರೆ?

ಪ್ರಶ್ನೆ – ಬೆಟ್ಟದಹಾದಿ

ಅಮೆರಿಕದ ಮೊಂಟಾನಾ ರಾಜ್ಯದ ಬೋಜ್‌ಮನ್‌ನಲ್ಲಿ ನೆಲೆಸಿ ಮೂರು ವರ್ಷವಾಯಿತು. ರಜೆ ಸಿಕ್ಕರೆ ಗ್ಯಾಲಟಿನ್ ಕಣಿವೆಯಲ್ಲೇ ಇರುತ್ತೇನೆ. ಇದೇ ಊರಿನ ಅಡ್ವೆಂಚರ್ ಸೈಂಟಿಸ್ಟ್ಸ್ ಸಂಸ್ಥೆಯು 2015ರಿಂದ 2017ರವರೆಗೆ ಸ್ವಯಂಸೇವಕರಿಂದ ಗ್ಯಾಲಟಿನ್ ನದಿಯ ನೀರನ್ನು ತರಿಸಿ, ಅದರಲ್ಲಿದ್ದ ಮೈಕ್ರೋಪ್ಲಾಸ್ಟಿಕ್ ಕಣಗಳನ್ನು ಎಣಿಸಿತ್ತೆಂದು ತಿಳಿದು, ಅಂಥ ಕೆಲಸಕ್ಕೆ ಕೈಜೋಡಿಸುವ ಆಸೆ ಹುಟ್ಟಿದೆ. ಆದರೆ ಒಂದು ಅಳುಕಿದೆ. ಮೈಮೇಲೆ ಪ್ಲಾಸ್ಟಿಕ್ ಎಳೆಯಿಂದಲೇ ಮಾಡಿದ ಫ್ಲೀಸ್ ಜಾಕೆಟ್, ಬೆನ್ನ ಮೇಲೆ ನೈಲಾನ್ ಚೀಲ ಇರುವಾಗ, ಬಾಟಲಿಯಲ್ಲಿ ಸಿಕ್ಕ ಎಳೆ ನದಿಯದೋ ನನ್ನದೋ ಎಂದು ತಿಳಿಯುವುದು ಹೇಗೆ?

ಉತ್ತರ – ಸೋಸುಕಾಗದ

ನಿಮ್ಮ ಅಳುಕು ಸರಿಯಾಗಿಯೇ ಇದೆ. ಐದು ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ಕನ್ನೆಲ್ಲ ಮೈಕ್ರೋಪ್ಲಾಸ್ಟಿಕ್ ಎನ್ನುತ್ತೇವಾದರೂ, ಗ್ಯಾಲಟಿನ್‌ನಲ್ಲಿ ಸಿಕ್ಕವುಗಳಲ್ಲಿ ಶೇ. 80ರಷ್ಟು ಎಳೆಗಳೇ ಆಗಿದ್ದವು. ಆದ್ದರಿಂದ ಹತ್ತಿಯ ಅಥವಾ ಉಣ್ಣೆಯ ಬಟ್ಟೆ ತೊಟ್ಟು, ಹರಿವಿಗೆ ಎದುರಾಗಿ ನಿಂತು, ಅದೇ ನೀರಿನಲ್ಲಿ ಬಾಟಲಿಯನ್ನೂ ಮುಚ್ಚಳವನ್ನೂ ಮೂರು ಸಲ ತೊಳೆದು, ಕಾಲಿನಿಂದ ಕದಡದ ನೀರನ್ನು, ಹರಿವು ಬರುವ ಕಡೆಯಿಂದ ತುಂಬಿಸಿಕೊಳ್ಳಿ. ಮುಚ್ಚಳವನ್ನು ನೀರಿನೊಳಗೇ ಹಾಕಿದರೆ ಇನ್ನೂ ಒಳ್ಳೆಯದು. ಅಂದು ತೊಟ್ಟ ಬಟ್ಟೆಯ ಬಣ್ಣವನ್ನು ತಪ್ಪದೆ ಬರೆದಿಡಿ. ನಾನು ದುಡಿದ ಪ್ರಯೋಗಾಲಯದಲ್ಲಿ ಒಮ್ಮೆ ನೀರು ಸೋಸಿದ ಕಾಗದದ ಮೇಲೆ ಕಡುಗೆಂಪು ಎಳೆಗಳು ಸುರುಳಿ ಸುತ್ತಿಕೊಂಡಿದ್ದವು. ಟಿಪ್ಪಣಿಯಲ್ಲಿ ‘ಕೆಂಪು ಕೈಗವಸು’ ಎಂದಿದ್ದುದರಿಂದ ಆ ಬಣ್ಣದ ಎಳೆಗಳನ್ನೆಲ್ಲ ಲೆಕ್ಕದಿಂದ ಕೈಬಿಟ್ಟೆವು. ಆ ಎರಡು ಪದ ಇಲ್ಲದಿದ್ದರೆ ತಪ್ಪು ಅಂಕಿ ನದಿಯ ಹೆಸರಿಗೆ ಅಂಟಿಕೊಳ್ಳುತ್ತಿತ್ತು. ಪ್ರಯೋಗಾಲಯದ ಗಾಳಿಯಿಂದಲೂ ಎಳೆ ಬೀಳುತ್ತದೆ. ಹಾಗಾಗಿ ಶುದ್ಧ ನೀರನ್ನೂ ಅದೇ ರೀತಿ ಸೋಸಿ ಹೋಲಿಸುತ್ತೇವೆ. ಸಂಶಯ ಬಂದ ಎಳೆಗೆ ಕಾದ ಸೂಜಿ ತಾಗಿಸಿದರೆ ಪ್ಲಾಸ್ಟಿಕ್ ಮುರುಟಿಕೊಳ್ಳುತ್ತದೆ ಅಥವಾ ಕರಗುತ್ತದೆ, ಹತ್ತಿ ಹಾಗಾಗುವುದಿಲ್ಲ.

ಉತ್ತರ – ಹರಿವು

ಮೇಲಿನ ಮಾತಿಗೆ ಇಷ್ಟನ್ನು ಸೇರಿಸಬೇಕೆನಿಸಿತು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಎತ್ತರದಲ್ಲಿ ಹುಟ್ಟಿ, ತ್ರೀ ಫೋರ್ಕ್ಸ್ ಊರಿನ ಬಳಿ ಬೇರೆ ನದಿಗಳೊಡನೆ ಕೂಡಿ ಮಿಸೌರಿ ನದಿಯಾಗುವ ಈ ಗ್ಯಾಲಟಿನ್‌ನ ಜಲಾನಯನದಲ್ಲಿ 72 ತಾಣಗಳನ್ನು ಗುರುತಿಸಿ, ಋತುಋತುವಿಗೂ ಅದೇ ಜಾಗಕ್ಕೆ ಮರಳಿ, 700ಕ್ಕೂ ಹೆಚ್ಚು ಮಾದರಿ ತರಲು ಸಂಶೋಧಕರ ಸಣ್ಣ ತಂಡವೊಂದರಿಂದ ಆಗುತ್ತಿರಲಿಲ್ಲ. ಹಿಮದಲ್ಲಿ ಸ್ಕೀ ಕಟ್ಟಿ ನಡೆಯಬಲ್ಲವರೇ ಬೇಕಿತ್ತು. ಶೇ. 57ರಷ್ಟು ಮಾದರಿಗಳಲ್ಲಿ ಮೈಕ್ರೋಪ್ಲಾಸ್ಟಿಕ್ ಸಿಕ್ಕಿತು, ಸರಾಸರಿ ಲೀಟರಿಗೆ 1.2 ಕಣ. ನನ್ನ ಮಟ್ಟಿಗೆ ಉಳಿದ ಶೇ. 43 ಕೂಡ ಅಷ್ಟೇ ಮುಖ್ಯ. ಕಸ ಕಂಡಲ್ಲಿ ಬಾಟಲಿ ಅದ್ದುವ ಆಸೆ ಎಲ್ಲರಿಗೂ ಬರುತ್ತದೆ, ಅದನ್ನು ತಡೆದುಕೊಳ್ಳಿ. ಏನೂ ಸಿಗದ ಬಾಟಲಿಗಳನ್ನೂ ಸೇರಿಸಿದಾಗಲೇ ಸರಾಸರಿ ಸತ್ಯವಾಗುತ್ತದೆ. ನೀರಿನ ಹರಿವು ಹೆಚ್ಚಿದಾಗ ಕಣಗಳ ಸಾಂದ್ರತೆ ಇಳಿಯುತ್ತದೆಂದೂ ಅಲ್ಲಿ ಕಂಡುಬಂತು, ಆದ್ದರಿಂದ ದಿನಾಂಕ, ಸಮಯಗಳನ್ನು ನಿಖರವಾಗಿ ಬರೆಯಿರಿ.

ಬೆಟ್ಟದಹಾದಿ

ಇಬ್ಬರಿಗೂ ಕೃತಜ್ಞತೆಗಳು. ಅಜ್ಜಿ ಹೆಣೆದ ಉಣ್ಣೆಯ ಸ್ವೆಟರ್ ಇದೆ, ಅದನ್ನೇ ತೊಡುತ್ತೇನೆ. ಜನವರಿಯಲ್ಲಿ ದಡವೆಲ್ಲ ಹೆಪ್ಪುಗಟ್ಟಿದ್ದರೆ ಏನು ಮಾಡಬೇಕು?

ಹರಿವು

ದಡದ ಮಂಜುಗಡ್ಡೆ ಕೆಳಗಿನಿಂದ ಕರಗಿ ತೆಳುವಾಗಿರುತ್ತದೆ, ಅದರ ಮೇಲೆ ಕಾಲಿಡಬೇಡಿ. ಬೇರೆ ಕಡೆಯ ನೀರು ತುಂಬಿಸಿ ಆ ತಾಣದ ಹೆಸರು ಬರೆಯುವುದೂ ಬೇಡ. ‘ಹಿಮದಿಂದಾಗಿ ತಲುಪಲಾಗಲಿಲ್ಲ’ ಎಂದು ಬರೆದು, ಬರಿದಾದ ಬಾಟಲಿಯೊಂದಿಗೇ ಹಿಂದಿರುಗಿ.