ಸ್ಟಾರ್ಟರ್ ಪ್ಯಾನಲ್‌ನಲ್ಲಿ ಕಂಟ್ಯಾಕ್ಟರ್ ಬದಲಿಸೋಕೆ ಯಾವ ಟೂಲ್ಸ್ ತಗೋಬೇಕು?

ಕಾರಟಗಿ ರೈಸ್‌ಮಿಲ್

ಎಲ್ಲರಿಗೂ ನಮಸ್ಕಾರ. ನಾನು ಕಾರಟಗಿ ಹತ್ತಿರ ಒಂದು ರೈಸ್‌ಮಿಲ್‌ನಲ್ಲಿ ಎಲೆಕ್ಟ್ರಿಷಿಯನ್. ಐಟಿಐ ಮುಗಿಸಿ ಮೂರು ವರ್ಷ ಆಯ್ತು.

ನಮ್ಮ ವೈಟ್ನರ್ (ಅಕ್ಕಿ ಬಿಳಿ ಮಾಡೋ ಮಷಿನ್) ಮೋಟಾರ್ 50 ಎಚ್‌ಪಿ, ಸ್ಟಾರ್ ಡೆಲ್ಟಾ ಸ್ಟಾರ್ಟರ್, ಅಂದ್ರೆ ಮೊದಲು ಸ್ಟಾರ್ ಜೋಡಣೆಯಲ್ಲಿ ಕಡಿಮೆ ಕರೆಂಟಿನಲ್ಲಿ ಎಬ್ಬಿಸಿ ಆಮೇಲೆ ಡೆಲ್ಟಾಗೆ ಬದಲಿಸೋದು. ಈ ಸುಗ್ಗಿಯಲ್ಲಿ ಅದರ ಡೆಲ್ಟಾ ಕಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಟ್ಟು ಬಿಡೋ ಸ್ವಿಚ್) ಮೂರು ಸಲ ಸುಟ್ಟಿದೆ. ಮೂರೂ ಸಲ ನಡುವಿನ ಪೋಲೇ (ಮೂರು ಫೇಸಿನ ದಾರಿಯಲ್ಲಿ ನಡುವಿನದ್ದು) ಹೋಗಿದ್ದು. ಮೊದಲೆರಡು ಸಲ ಹೊರಗಿನ ಮೆಕ್ಯಾನಿಕ್ ಬಂದು ಹೊಸದು ಹಾಕಿ ಹೋದರು. ಮೂರನೇ ಸಲ ರಾತ್ರಿ ಹನ್ನೊಂದಕ್ಕೆ ಹೋಯ್ತು. ಹೊರಗೆ ಭತ್ತದ ಲಾರಿ ನಿಂತಿದ್ದವು, ಹಮಾಲರು ಕಾಯ್ತಾ ಕೂತಿದ್ದರು. ನಾನೇ ಬದಲಿಸಿದೆ. ಆದರೆ ಅರ್ಧ ಗಂಟೆಯ ಕೆಲಸಕ್ಕೆ ಮೂರೂವರೆ ಗಂಟೆ ಹಿಡೀತು. ಟರ್ಮಿನಲ್ ಸ್ಕ್ರೂ ತಲೆ ಸವೆದು ಡ್ರೈವರ್ ಸುಮ್ನೆ ತಿರುಗ್ತಿತ್ತು. ಕೊನೆಗೆ ವೈರನ್ನೇ ಕತ್ತರಿಸಿ ತೆಗೆದೆ.

ನನ್ನ ಹತ್ತಿರ ಇರೋದು ತುದಿ ಬದಲಿಸೋ ಒಂದು ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಲೈಟ್ ಹತ್ತೋ ಟೆಸ್ಟರ್, ಒಂದು ಸಣ್ಣ ಮೀಟರ್. ಪಾನಾ ಬೇಕಾದರೆ ಫಿಟ್ಟರ್ ಹತ್ತಿರ ಕೇಳಿ ತರ್ತೀನಿ. ವೈರ್ ತುದಿಗೆ ಕೂರಿಸೋ ಲೋಹದ ಲಗ್ ಹಾಕೋದು ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದು. ಮೊದಲಿಂದ ಇಲ್ಲಿ ಹಾಗೇ ಮಾಡ್ತಾ ಬಂದಿದ್ದಾರೆ.

ಈಗ ಸಾಹುಕಾರ್ರು 15 ಸಾವಿರದೊಳಗೆ ಏನು ಬೇಕೋ ಬರ್ಕೊಡು, ತರಿಸ್ತೀನಿ ಅಂದಿದ್ದಾರೆ. ಇಂಥ ಅವಕಾಶ ಮತ್ತೆ ಸಿಗಲ್ಲ. ಏನೇನು ಬರೀಲಿ? ಮಿಲ್‌ನಲ್ಲಿ ಎಲಿವೇಟರ್, ಪಾಲಿಷರ್ ಎಲ್ಲಾ ಸೇರಿ ಸುಮಾರು ಮೂವತ್ತು ಮೋಟಾರ್ ಇವೆ. ಎರಡಕ್ಕೆ ಡ್ರೈವ್ (ಮೋಟಾರಿನ ವೇಗ ಬದಲಿಸೋ ಯಂತ್ರ) ಇದೆ.

ಬಳ್ಳಾರಿ ಪ್ಯಾನಲ್ ಕೆಲಸ

ತಮ್ಮಾ, ಪಟ್ಟಿ ಕೊಡ್ತೀನಿ. ಅದಕ್ಕಿಂತ ಮೊದಲು ಒಂದು ಮಾತು. ಮೂರು ಸಲವೂ ನಡುವಿನ ಪೋಲೇ ಸುಟ್ಟಿದೆ ಅಂದ್ರೆ ತಪ್ಪು ಕಂಟ್ಯಾಕ್ಟರ್‌ದಲ್ಲ, ಅದಕ್ಕೆ ಬಂದು ಸೇರೋ ವೈರಿನದ್ದು. ಕಂಟ್ಯಾಕ್ಟರ್ ಕೆಟ್ಟಿದ್ದರೆ ಒಂದು ಸಲ ಈ ಪೋಲ್, ಇನ್ನೊಂದು ಸಲ ಆ ಪೋಲ್ ಹೋಗ್ತಿತ್ತು. ಆ ವೈರಿನ ಇನ್ಸುಲೇಶನ್ ನೋಡಿ. ಲಗ್ಗಿನಿಂದ ಎರಡು ಮೂರು ಇಂಚಿನವರೆಗೆ ಬಣ್ಣ ಕಂದಿ, ಬೆರಳಲ್ಲಿ ಬಗ್ಗಿಸಿದರೆ ಹಪ್ಪಳದ ಹಾಗೆ ಬಿರಿಯುತ್ತಾ? ಹಾಗಿದ್ದರೆ ಬಿಸಿ ಹುಟ್ಟುತ್ತಿರೋದು ಲಗ್ಗಿನೊಳಗೆ. ಅಲ್ಲಿಂದ ಕಂಟ್ಯಾಕ್ಟರಿಗೆ ಇಳಿದು ಪಾಯಿಂಟ್ (ಒಂದಕ್ಕೊಂದು ತಾಗಿ ಕರೆಂಟ್ ಹಾಯಿಸೋ ಲೋಹದ ತುಂಡು) ಹಿಡಿಯೋ ಸ್ಪ್ರಿಂಗನ್ನ ಸಡಿಲ ಮಾಡುತ್ತೆ. ಸ್ಪ್ರಿಂಗ್ ಹೋದ ಮೇಲೆ ಪಾಯಿಂಟ್ ಎಷ್ಟು ದಿನ ತಡೆದೀತು? ಹೊಸ ಕಂಟ್ಯಾಕ್ಟರಿಗೆ ಅದೇ ಲಗ್ ಹಾಕಿದರೆ ಅದೂ ಸುಡುತ್ತೆ.

ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಕ್ರಿಂಪಿಂಗ್ ಟೂಲ್, ಅಂದ್ರೆ ಲಗ್ಗನ್ನ ವೈರಿಗೆ ಒತ್ತಿ ಕೂರಿಸೋದು, ಬರೀರಿ. ಎರಡು ಬೇಕು. ಕಂಟ್ರೋಲ್ ವೈರಿಗೆ ರ‍್ಯಾಚೆಟ್ ಇರೋದು, ಅಂದ್ರೆ ಪೂರ್ತಿ ಒತ್ತೋವರೆಗೂ ಬಿಡದೇ ಇರೋದು. ಪವರ್ ವೈರಿಗೆ ಕೈಯಲ್ಲಿ ಒತ್ತೋ ಹೈಡ್ರಾಲಿಕ್. 4ರಿಂದ 70 ಸ್ಕ್ವೇರ್ ಎಂಎಂವರೆಗೆ ಡೈ ಬರೋದು ನಿಮಗೆ ಸಾಕು. ಉಳಿ ಹೊಡೆದ ಲಗ್ ಮೇಲಿಂದ ಗಟ್ಟಿಯಾಗೇ ಕಾಣುತ್ತೆ. ಒಳಗೆ ಉಳಿ ಬಿದ್ದ ಕಡೆ ನಾಲ್ಕು ಎಳೆ ಮಾತ್ರ ಕಚ್ಚಿಕೊಂಡಿರ್ತವೆ, ಉಳಿದವು ಸುಮ್ನೆ ಕೂತಿರ್ತವೆ. ನಂಬಿಕೆ ಇಲ್ಲದಿದ್ದರೆ ಆ ಹಳೇ ಲಗ್ಗನ್ನ ಹ್ಯಾಕ್ಸಾ ಬ್ಲೇಡಿನಲ್ಲಿ ಅಡ್ಡ ಕೊಯ್ದು ನೋಡಿ.

ಇನ್ನೊಂದು, ಮೋಟಾರಿನಿಂದ ಬರೋ ಕೇಬಲ್ ಅಲ್ಯೂಮಿನಿಯಮ್ಮಾ, ತಾಮ್ರನಾ? ಅಲ್ಯೂಮಿನಿಯಂ ಆದರೆ ತಾಮ್ರದ ಲಗ್ ಹಾಕಲೇಬೇಡಿ. ತವರ ಲೇಪದ ಅಲ್ಯೂಮಿನಿಯಂ ಲಗ್ ಅಥವಾ ಬೈಮೆಟಲ್ ಲಗ್ (ಒಂದು ಕಡೆ ಅಲ್ಯೂಮಿನಿಯಂ, ಇನ್ನೊಂದು ಕಡೆ ತಾಮ್ರ) ಹಾಕಿ. ವೈರ್ ಸುಲಿದ ಕೂಡಲೇ ಬ್ರಷ್‌ನಿಂದ ಉಜ್ಜಿ, ಜಾಯಿಂಟಿಂಗ್ ಪೇಸ್ಟ್ ಹಚ್ಚಿ, ಆಮೇಲೆ ಒತ್ತಿ. ಅಲ್ಯೂಮಿನಿಯಮ್ಮಿಗೆ ಗಾಳಿ ತಾಗಿದ ಕೂಡಲೇ ಮೇಲೆ ಪೊರೆ ಕಟ್ಟುತ್ತೆ, ಆ ಪೊರೆಯಲ್ಲಿ ಕರೆಂಟ್ ಹಾಯೋದಿಲ್ಲ.

ಈಗ ಸ್ಕ್ರೂ ವಿಷಯ. ಮೊಬೈಲ್ ಟಾರ್ಚ್ ಹಾಕಿ ಹೊಸ ಕಂಟ್ಯಾಕ್ಟರಿನ ಸ್ಕ್ರೂ ತಲೆ ನೋಡಿ. ಪ್ಲಸ್ಸಿನ ನಾಲ್ಕು ತೋಳುಗಳ ನಡುವೆ ಇನ್ನೂ ನಾಲ್ಕು ಸಣ್ಣ ಗೀರು ಕಾಣುತ್ತಾ? ಕಂಡರೆ ಅದು ಪೋಜಿಡ್ರೈವ್. ಅಂಗಡಿಯಲ್ಲಿ ಪ್ಲಸ್ ಕೊಡಿ ಅಂದ್ರೆ ಕೊಡೋದು ಫಿಲಿಪ್ಸ್. ಎರಡೂ ಒಂದೇ ಅಲ್ಲ. ಫಿಲಿಪ್ಸ್ ತುದಿ ಇಳಿಜಾರು, ಬಲ ಹಾಕಿದಷ್ಟೂ ಮೇಲಕ್ಕೆ ಜಾರುತ್ತೆ, ಜಾರುವಾಗ ತಲೆಯನ್ನ ತಿಂದು ಹಾಕುತ್ತೆ. ಆ ರಾತ್ರಿ ನಿಮಗೆ ಆಗಿದ್ದು ಇದೇ ಇರಬೇಕು. ಪಿಜೆಡ್ 1 ಮತ್ತು ಪಿಜೆಡ್ 2 ಅಂತ ಹೆಸರು ಹೇಳಿ ತರಿಸಿ. ಪ್ಲಸ್ ಮೈನಸ್ ಎರಡೂ ಸೇರಿದ ತುದಿಯೂ ಸಿಗುತ್ತೆ, ಟರ್ಮಿನಲ್ ಸ್ಕ್ರೂಗೆ ಅದು ಇನ್ನೂ ಚೆನ್ನಾಗಿ ಕೂರುತ್ತೆ. ಡ್ರೈವರ್ ಮೇಲೆ ಎರಡು ತ್ರಿಕೋನದ ಗುರುತು, 1000 ವೋಲ್ಟ್, ಐಇಸಿ 60900 ಅಂತ ಇರಲಿ. ಹಿಡಿಕೆಗೆ ಬರೀ ಪ್ಲಾಸ್ಟಿಕ್ ಇದ್ದ ಮಾತ್ರಕ್ಕೆ ಇನ್ಸುಲೇಟೆಡ್ ಆಗೋದಿಲ್ಲ. ದೊಡ್ಡ ಕಂಟ್ಯಾಕ್ಟರ್‌ಗಳಲ್ಲಿ ಅಲೆನ್ ಸ್ಕ್ರೂ ಇರುತ್ತೆ, ಅದಕ್ಕೂ ಇನ್ಸುಲೇಟೆಡ್ ಕೀ ತಗೊಳ್ಳಿ.

ದುಡ್ಡು ಉಳಿದರೆ ಟಾರ್ಕ್ ಸ್ಕ್ರೂಡ್ರೈವರ್, ಅಂದ್ರೆ ಬಿಗಿ ಅಳೆದು ತಿರುಗಿಸೋದು. ಎಷ್ಟು ಬಿಗಿ ಮಾಡಬೇಕು ಅಂತ ಕಂಟ್ಯಾಕ್ಟರ್ ಮೇಲೇ ಎನ್‌ಎಂ (ನ್ಯೂಟನ್ ಮೀಟರ್) ಲೆಕ್ಕದಲ್ಲಿ ಬರೆದಿರ್ತಾರೆ. ಚಿಕ್ಕವಕ್ಕೆ 1.2ರಿಂದ 1.7ರ ಆಸುಪಾಸು, ನಿಮ್ಮ ಸೈಜಿಗೆ ಅದಕ್ಕಿಂತ ಜಾಸ್ತಿ. ಕೈ ಅಂದಾಜು ನನಗೆ ಗೊತ್ತು ಅಂತ ನಾನೂ ಹತ್ತು ವರ್ಷ ಅಂದುಕೊಂಡಿದ್ದೆ. ಟಾರ್ಕ್ ಡ್ರೈವರ್ ತಂದ ದಿನ ನಾನೇ ಬಿಗಿ ಮಾಡಿದ ಪ್ಯಾನಲ್ ತೆಗೆದು ನೋಡಿದೆ. ಬೆಳಿಗ್ಗೆ ಹಾಕಿದ ಸ್ಕ್ರೂಗಳು ವಿಪರೀತ ಬಿಗಿ, ಸಂಜೆ ಕೈ ಸೋತಾಗ ಹಾಕಿದವು ಸಡಿಲ.

ಮೀಟರ್ ಮೇಲೆ ಕ್ಯಾಟ್ 3 (ಸುರಕ್ಷತೆಯ ದರ್ಜೆ), 600 ವೋಲ್ಟ್ ಅಂತ ಇರಲೇಬೇಕು. ಸಣ್ಣ ಮೀಟರನ್ನ 415 ವೋಲ್ಟಿನ ಪ್ಯಾನಲ್ಲಿಗೆ ಹಚ್ಚಬೇಡಿ. ಕೈಯಲ್ಲೇ ಸಿಡಿಯಬಹುದು. ಲೈಟ್ ಹತ್ತೋ ಟೆಸ್ಟರನ್ನ ನಂಬಬೇಡಿ, ರಬ್ಬರ್ ಮ್ಯಾಟ್ ಮೇಲೆ ನಿಂತರೆ ಕರೆಂಟ್ ಇದ್ದರೂ ಹತ್ತದೇ ಇರಬಹುದು. ಕರೆಂಟ್ ಇಲ್ಲ ಅಂತ ನೋಡೋ ಕ್ರಮ ಹೀಗೆ: ಮೊದಲು ಕರೆಂಟ್ ಇರೋ ಕಡೆ ಮೀಟರ್ ಹಚ್ಚಿ ತೋರಿಸುತ್ತಾ ನೋಡಿ, ಆಮೇಲೆ ಕೆಲಸದ ಜಾಗದಲ್ಲಿ ಮೂರು ಫೇಸ್ ನಡುವೆ, ಪ್ರತಿ ಫೇಸ್‌ಗೂ ಅರ್ತ್‌ಗೂ ನಡುವೆ ಅಳೆಯಿರಿ, ಮತ್ತೆ ಕರೆಂಟ್ ಇರೋ ಕಡೆ ಹಚ್ಚಿ ಮೀಟರ್ ಸರಿಯಾಗಿದೆ ಅಂತ ಖಾತ್ರಿ ಮಾಡ್ಕೊಳ್ಳಿ.

ಕೊನೆಗೆ, ಒಂದು ಬೀಗ. ಇನ್ನೂರು ಮುನ್ನೂರು ರೂಪಾಯಿದು. ಎಂಸಿಸಿಬಿ (ಪ್ಯಾನಲಿನ ಮೇನ್ ಬ್ರೇಕರ್) ಹ್ಯಾಂಡಲ್ ಆಫ್ ಮಾಡಿ, ಬೇರೆ ಯಾರೂ ಆನ್ ಮಾಡದ ಹಾಗೆ ಅದಕ್ಕೆ ಹಾಕೋದು. ಇದನ್ನ ಯಾರೂ ಪಟ್ಟಿಯಲ್ಲಿ ಬರೆಯೋದಿಲ್ಲ, ನೀವು ಬರೀರಿ. ಆದರೆ ಬೀಗ ಒಂದೇ ಸಾಲದು. ಹದಿನೈದು ವರ್ಷದ ಹಿಂದೆ ಇಲ್ಲೇ ಹತ್ತಿರದ ಒಂದು ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಕಂಟ್ಯಾಕ್ಟರ್ ಬಿಚ್ಚುತ್ತಿದ್ದೆ. ಆ ಪ್ಯಾನಲಿನ ಮೇನ್ ಆಫ್ ಇತ್ತು, ನಾನೇ ಮಾಡಿದ್ದು. ಪಕ್ಕದ ಪ್ಯಾನಲಿನಿಂದ ಬಂದ ಇಂಟರ್‌ಲಾಕ್ ವೈರಿನಲ್ಲಿ (ಎರಡು ಪ್ಯಾನಲಿನ ಕಂಟ್ರೋಲ್ ಜೋಡಿಸೋ ವೈರ್) 230 ವೋಲ್ಟ್ ಇತ್ತು. ಎಡಗೈ ಹೆಬ್ಬೆರಳು ಟರ್ಮಿನಲ್ಲಿಗೆ ತಾಗಿ, ಕೈ ಹಿಂದಕ್ಕೆ ಬಡಿದು ಪ್ಯಾನಲ್ ಬಾಗಿಲಿಗೆ ಹೊಡೀತು. ಅವತ್ತು ನನ್ನ ಹೆಲ್ಪರ್ ಹುಡುಗ ಕೈ ಹಾಕಿದ್ದರೆ? ಈಗಲೂ ಅದನ್ನ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತೆ. ಒಂದು ಪ್ಯಾನಲ್ಲಿಗೆ ಎಷ್ಟು ಕಡೆಯಿಂದ ಕರೆಂಟ್ ಬರುತ್ತೆ ಅಂತ ಮೊದಲು ಹುಡುಕಿ. ಮೋಟಾರಿಗೆ ಕೆಪಾಸಿಟರ್ ಇದ್ದರೆ ಕೆಲವು ನಿಮಿಷ ಬಿಟ್ಟು ಮೀಟರನ್ನ ಡಿಸಿಗೆ ತಿರುಗಿಸಿ ಅದರಲ್ಲೂ ಅಳೆಯಿರಿ.

ಹೊಸ ಕಂಟ್ಯಾಕ್ಟರ್ ತಗೊಳ್ಳುವಾಗ ಎಸಿ-3 ಆಂಪಿಯರ್ ಕೇಳಿ. ಡಬ್ಬಿ ಮೇಲೆ 60 ಅಂತ ದೊಡ್ಡದಾಗಿ ಬರೆದಿರೋದು ಎಸಿ-1 ಇರಬಹುದು, ಅದು ಹೀಟರ್‌ಗೆ ಲೆಕ್ಕ. ಮೋಟಾರಿಗೆ ಅದೇ ಕಂಟ್ಯಾಕ್ಟರ್ 40ಕ್ಕೆ ಇಳಿಯುತ್ತೆ. ಕಾಯಿಲ್ (ಕಂಟ್ಯಾಕ್ಟರನ್ನ ಎಳೆದು ಹಿಡಿಯೋ ಸುರುಳಿ) 230 ವೋಲ್ಟಿದ್ದಾ, 415ದ್ದಾ ಅಂತ ಹಳೇದರ ಮೇಲೆ ಓದಿಕೊಂಡೇ ಹೋಗಿ.

ರಾಯಚೂರು ಜಿನ್ನಿಂಗ್

ಬಳ್ಳಾರಿ ಅಣ್ಣ ಹೇಳಿದ್ದೆಲ್ಲಾ ಸರಿ. ಒಂದೆರಡು ಸೇರಿಸ್ತೀನಿ. ನಾನು ಹತ್ತಿ ಜಿನ್ನಿಂಗ್ ಮಿಲ್‌ನಲ್ಲಿದ್ದೀನಿ. ನಮಗೆ ಹತ್ತಿ ಎಳೆ, ನಿಮಗೆ ತೌಡಿನ ಧೂಳು, ಕಷ್ಟ ಒಂದೇ.

ಪ್ಯಾನಲ್ ಒಳಗೆ ಕಂಪ್ರೆಸರ್ ಗಾಳಿ ಹೊಡೀಬೇಡಿ. ಧೂಳು ಹೊರಗೆ ಬರೋದಿಲ್ಲ, ರಿಲೇ, ಟೈಮರ್ ಒಳಗೆ ಹೋಗಿ ಕೂರುತ್ತೆ. ಗಾಳಿಯ ಜೊತೆ ನೀರೂ ಬರುತ್ತೆ. ಎರಡಿಂಚಿನ ಮೆತ್ತನೆ ಪೇಂಟ್ ಬ್ರಷ್, ಒಂದು ಸಣ್ಣ ವ್ಯಾಕ್ಯೂಮ್ ಕ್ಲೀನರ್ ಬರೀರಿ. ಕಂಟ್ಯಾಕ್ಟರ್ ಪಾಯಿಂಟ್ ಕಪ್ಪಾಗಿದೆ ಅಂತ ಎಮರಿ ಪೇಪರ್ ಹಾಕಿ ಉಜ್ಜೋ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಅದು ಬೆಳ್ಳಿ ಬೆರೆಸಿದ ಪಾಯಿಂಟ್, ಕಪ್ಪಾದರೂ ಕೆಲಸ ಮಾಡುತ್ತೆ. ಉಜ್ಜಿದರೆ ಬೆಳ್ಳಿಯೇ ಹೋಗುತ್ತೆ.

ಡ್ರೈವ್ ಎರಡು ಇವೆ ಅಂದ್ರಿ. ಅದರೊಳಗಿನ ಕೆಪಾಸಿಟರ್‌ಗಳಲ್ಲಿ 580 ವೋಲ್ಟಿನಷ್ಟು ಡಿಸಿ ನಿಂತಿರುತ್ತೆ. ಡಿಸ್‌ಪ್ಲೇ ಆರಿದ ಕೂಡಲೇ ಕೈ ಹಾಕಬೇಡಿ. ಎಷ್ಟು ನಿಮಿಷ ಕಾಯಬೇಕು ಅಂತ ಡ್ರೈವ್ ಮೇಲೇ ಬರೆದಿರ್ತಾರೆ. ಅಷ್ಟು ಕಾದು, ಡಿಸಿ ಪ್ಲಸ್ ಮೈನಸ್ ನಡುವೆ ಅಳೆದು, ಆಮೇಲೆ ಬಿಚ್ಚಿ. ಮೋಟಾರಿಗೆ ಮೆಗ್ಗರ್ (ಇನ್ಸುಲೇಶನ್ ಅಳೆಯೋ ಮೀಟರ್) ಹಾಕೋ ಮೊದಲು ಡ್ರೈವಿನ ಕಡೆಯ ಮೂರೂ ವೈರ್ ಬಿಚ್ಚಲೇಬೇಕು. ಮೆಗ್ಗರಿನ 500 ವೋಲ್ಟ್ ಡ್ರೈವಿಗೆ ಹೋದರೆ ಅದು ಮತ್ತೆ ಏಳೋದಿಲ್ಲ.

ಬಿಚ್ಚೋ ಮೊದಲು ಫೋಟೋ ತೆಗೀರಿ, ಪ್ರತಿ ವೈರಿಗೆ ನಂಬರ್ ಫೆರುಲ್ (ನಂಬರ್ ಇರೋ ಸಣ್ಣ ಕೊಳವೆ) ಹಾಕಿ. ಸ್ಟಾರ್ ಡೆಲ್ಟಾದ ಆರು ವೈರಿನಲ್ಲಿ ಎರಡು ಅದಲು ಬದಲಾದರೆ ಡೆಲ್ಟಾಗೆ ಬಂದ ಕೂಡಲೇ ಮೋಟಾರ್ ವಿಪರೀತ ಕರೆಂಟ್ ಎಳೆಯಬಹುದು, ನಿಮಗೆ ಗೊತ್ತಲ್ವಾ.

ತೋರಣಗಲ್ಲು ಮೇಂಟೆನೆನ್ಸ್

ಟೆಂಪರೇಚರ್ ಗನ್ ಒಂದು ಬರೀರಿ, ಈಗ ಅಗ್ಗ. ಲೋಡ್ ಮೇಲಿರುವಾಗ ದೂರದಿಂದ ಮೂರೂ ಪೋಲಿನ ಬಿಸಿ ನೋಡಿ, ಒಂದಕ್ಕೊಂದು ಹೋಲಿಸಿ. ಎರಡು 45 ಡಿಗ್ರಿ, ಒಂದು 75 ಇದ್ದರೆ ಗೊತ್ತಾಯ್ತಲ್ಲ. ಆದರೆ ಹೊಳೆಯೋ ಲಗ್ಗಿಗೆ ಗುರಿ ಇಡಬೇಡಿ, ಕಡಿಮೆ ತೋರಿಸುತ್ತೆ. ಮೂರೂ ಲಗ್ಗಿನ ಕುತ್ತಿಗೆಗೆ, ಪವರ್ ಆಫ್ ಇದ್ದಾಗ, ಒಂದೊಂದು ಸುತ್ತು ಕಪ್ಪು ಟೇಪ್ ಹಾಕಿಡಿ. ಟೇಪಿಗೆ ಗುರಿ ಇಡಿ.

ಸಂಜೆ ವೋಲ್ಟೇಜ್ ಬಿದ್ದಾಗ ಕಂಟ್ಯಾಕ್ಟರ್ ಗಿರ್‌ರ್ ಅನ್ನುತ್ತಾ ಅಂತಲೂ ಕೇಳಿಸ್ಕೊಳ್ಳಿ. ಕಾಯಿಲ್ ವೋಲ್ಟೇಜ್ ಶೇಕಡಾ 85ಕ್ಕಿಂತ ಕೆಳಗೆ ಬಂದರೆ, ಅಂದ್ರೆ 230ರ ಕಾಯಿಲ್‌ಗೆ 195ರ ಹತ್ತಿರ, ಹಿಡಿಯುತ್ತೆ ಅಂತ ನಂಬೋ ಹಾಗಿಲ್ಲ. ಆ ಗಿರಗಿರದಲ್ಲೂ ಪಾಯಿಂಟ್ ಸುಡುತ್ತೆ.

ಕಾರಟಗಿ ರೈಸ್‌ಮಿಲ್

ಅಣ್ಣಾವ್ರೆ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಆದ ಮೇಲೆ ಬರೀತಿದ್ದೀನಿ.

ಭಾನುವಾರ ಮಿಲ್ ನಿಲ್ಲಿಸಿ ಆ ಲಗ್ ಕೊಯ್ದು ನೋಡಿದೆ. ಕೇಬಲ್ 16 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ, ಲಗ್ ತಾಮ್ರದ್ದು. ಬ್ಲೇಡ್ ಅರ್ಧ ಇಳಿದ ಕೂಡಲೇ ಎರಡು ಎಳೆ ತಾವಾಗೇ ಹೊರಗೆ ಬಂದವು. ಒಳಗೆ ಬಿಳಿ ಪುಡಿ, ಉಳಿ ಬಿದ್ದ ಜಾಗದಲ್ಲಿ ಮಾತ್ರ ಒಂದು ಹೊಳಪು ಗೆರೆ. ಅಷ್ಟು ಜಾಗದಲ್ಲಿ 35 ಆಂಪಿಯರ್ ಹಾಯ್ತಿತ್ತು. ಸಾಹುಕಾರ್ರನ್ನ ಕರೆದು ತೋರಿಸಿದೆ. ಅವರು ಅದನ್ನ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಉಳಿದ ಪ್ಯಾನಲ್‌ಗಳಲ್ಲೂ ಹೀಗೇ ಇರಬಹುದಾ ಅಂತ ಕೇಳಿದರು. ಇರಬಹುದು ಅಂದೆ. ಟೂಲ್ಸ್ ಅವತ್ತೇ ಆರ್ಡರ್ ಮಾಡಿಸಿದರು.

ಹೈಡ್ರಾಲಿಕ್ ಕ್ರಿಂಪರ್, ರ‍್ಯಾಚೆಟ್ ಕ್ರಿಂಪರ್, ಇನ್ಸುಲೇಟೆಡ್ ಡ್ರೈವರ್ ಸೆಟ್, ಕ್ಯಾಟ್ 3 ಕ್ಲ್ಯಾಂಪ್ ಮೀಟರ್, ಟೆಂಪರೇಚರ್ ಗನ್, ಬ್ರಷ್, ಫೆರುಲ್, ಬೀಗ ಬಂದವು. ಟಾರ್ಕ್ ಡ್ರೈವರ್ ಮುಂದಿನ ತಿಂಗಳು. ಕಂಟ್ಯಾಕ್ಟರಿನ ಸ್ಕ್ರೂ ಪೋಜಿಡ್ರೈವೇ. ಪಿಜೆಡ್ 2 ಇಟ್ಟಾಗ ಡ್ರೈವರ್ ಕೈ ಬಿಟ್ಟರೂ ಬೀಳದೆ ಸ್ಕ್ರೂನಲ್ಲಿ ನಿಂತಿತು. ಆ ರಾತ್ರಿ ಇದು ಇದ್ದಿದ್ದರೆ ಅನ್ನಿಸ್ತು.

ವೈಟ್ನರ್‌ನ ಆರೂ ವೈರಿಗೆ ಅಲ್ಯೂಮಿನಿಯಂ ಲಗ್ ಹಾಕಿದೆ. ಪೂರ್ತಿ ಲೋಡಿನಲ್ಲಿ ಮೂರು ಟೇಪಿನ ಮೇಲೂ 47, 48, 47 ಡಿಗ್ರಿ ಬರ್ತಿದೆ. ಇನ್ನು ಒಂದೊಂದೇ ಭಾನುವಾರ ಒಂದೊಂದು ಪ್ಯಾನಲ್ ಮಾಡ್ತೀನಿ.

ಒಂದು ಪ್ರಶ್ನೆ ಉಳಿದಿದೆ. ಬೀಗದ ಜೊತೆ ಎರಡು ಕೀ ಬಂದಿವೆ. ಒಂದು ಆಫೀಸಿನಲ್ಲಿ ಇರಲಿ, ಅರ್ಜೆಂಟ್ ಅಂದ್ರೆ ಬೇಕಾಗುತ್ತೆ ಅಂತ ಮ್ಯಾನೇಜರ್ ಕೇಳ್ತಿದ್ದಾರೆ. ಕೊಡಬಹುದಾ?

ಬಳ್ಳಾರಿ ಪ್ಯಾನಲ್ ಕೆಲಸ

ಬಹಳ ಖುಷಿ ಆಯ್ತು ತಮ್ಮಾ. ಕೀ ಕೊಡಬೇಡಿ. ನೀವು ಪ್ಯಾನಲ್ ಹಿಂದೆ ಕೂತಿರೋದು ಆಫೀಸಿಗೆ ಕಾಣೋದಿಲ್ಲ, ಲಾರಿ ಕಾಯ್ತಿರೋದು ಮಾತ್ರ ಕಾಣುತ್ತೆ. ಎರಡನೇ ಕೀಯನ್ನ ಸಾಹುಕಾರ್ರ ಮುಂದೆಯೇ ಮುರಿದು ಹಾಕಿ, ಯಾಕೆ ಅಂತಲೂ ಹೇಳಿ. ಲಗ್ ನೋಡಿ ಅಷ್ಟು ಹೊತ್ತು ನಿಂತವರು ಇದನ್ನೂ ಕೇಳ್ತಾರೆ.