ಹೈಲೈಟ್ಸ್, ಶ್ಯಾಡೋಸ್, ಎಕ್ಸ್‌ಪೋಶರ್: ಆಡುಮಾತಲ್ಲಿ ಏನನ್ನೋಣ?

ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಸ್ಟುಡಿಯೋ ಕೆಲಸ ಕಲಿಯಲು ಬಂದಿರುವ ನಾಲ್ಕು ಹುಡುಗರಿಗೆ ಫೋಟೋ ತಿದ್ದುವುದನ್ನು ಹೇಳಿಕೊಡುತ್ತೇನೆ. ಅವರಿಗೆ ಕನ್ನಡದಲ್ಲೇ ಎರಡು ಪುಟ ಬರೆದುಕೊಡೋಣ ಅಂತ ಕೂತವನು ಮೂರನೇ ಸಾಲಿಗೇ ಸಿಕ್ಕಿಬಿದ್ದೆ. ಫೋಟೋ ತಿದ್ದುವ ಒಂದು ಆ್ಯಪ್‌ನಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ನೋಡಿದರೆ ಹೈಲೈಟ್ಸ್, ಅಂದರೆ ಚಿತ್ರದ ಬೆಳ್ಳಗಿನ ಭಾಗವನ್ನು ಏರಿಳಿಸುವುದು, ಇರಬೇಕಾದ ಕಡೆ 'ಮುಖ್ಯಾಂಶಗಳು' ಅಂತಿತ್ತು. "ವಾರ್ತೆ ಓದ್ತಾರಾ ಸಾರ್?" ಅಂದ ಒಬ್ಬ. ಇಡೀ ಚಿತ್ರದ ಬೆಳಕು ಏರಿಳಿಸುವ ಎಕ್ಸ್‌ಪೋಶರ್‌ಗೆ 'ಮಾನ್ಯತೆ'. ಯಾರ ಮಾನ್ಯತೆ, ಸರ್ಕಾರದ್ದಾ?

ಮೊದಲು ಶ್ಯಾಡೋಸ್. ಸುಮ್ನೆ 'ನೆರಳು' ಅಂದರೆ ಮುಗೀತಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಮುಗಿಯಲ್ಲ. ನಡುಮಧ್ಯಾಹ್ನ ಬಯಲಲ್ಲಿ ನಿಂತ ಎಮ್ಮೆಯ ಫೋಟೋ ತೆಗೆದುಕೊಳ್ಳಿ. ಅದರ ಬೆನ್ನ ಮೇಲೆ ಎಲ್ಲಿದೆ ನೆರಳು? ಆದರೂ ಶ್ಯಾಡೋಸ್ ಸ್ಲೈಡರ್ (ಪರದೆ ಮೇಲೆ ಅತ್ತಿತ್ತ ಎಳೆಯುವ ಗುಂಡಿ) ಬಲಕ್ಕೆ ಎಳೆದರೆ ಎಮ್ಮೆಯ ಮೈ ತಿಳಿಯಾಗುತ್ತೆ, ಕೂದಲು ಕಾಣಿಸುತ್ತೆ. ಅದೇ ಫೋಟೋದಲ್ಲಿ ಬೇವಿನ ಮರದ ನೆರಳಲ್ಲಿ ಕೂತವನ ಬಿಳಿ ಅಂಗಿ ಅಷ್ಟಾಗಿ ಅಲುಗುವುದಿಲ್ಲ. ಅಂದರೆ ಆ ಸ್ಲೈಡರ್ ನೋಡುವುದು ನೆರಳನ್ನಲ್ಲ, ಚಿತ್ರದಲ್ಲಿ ಕಪ್ಪಿಗೆ ಹತ್ತಿರ ಇರುವುದನ್ನೆಲ್ಲ. 'ಕಪ್ಪು' ಅನ್ನೋಣ ಅಂದರೆ ಕೆಳಗೇ ಬ್ಲ್ಯಾಕ್ಸ್ ಅಂತ ಬೇರೆ ಸ್ಲೈಡರ್ ಇದೆ, ಅದು ಇನ್ನೂ ಕಡುಗಪ್ಪಿನದು. ಸದ್ಯಕ್ಕೆ 'ಕತ್ತಲ ಕಡೆ' ಅಂತ ಬರೆದಿದ್ದೇನೆ, ಹೈಲೈಟ್ಸ್‌ಗೆ 'ಬೆಳಕಿನ ಕಡೆ'. 'ಹೊಳಪು' ಬೇಡ. ಅದನ್ನು ಬ್ರೈಟ್‌ನೆಸ್‌ಗೆ ಆಗಲೇ ಕೊಟ್ಟುಬಿಟ್ಟಿದ್ದೇವೆ.

ನನ್ನ ನಿಜವಾದ ತಲೆನೋವು ಹೈಲೈಟ್ಸ್ ಕೆಟ್ಟಾಗ ಏನನ್ನಬೇಕು ಅನ್ನೋದು. ಹೋದ ತಿಂಗಳು ಹುಡುಗರನ್ನು ಮಂಡಕ್ಕಿ ಭಟ್ಟಿಗೆ ಕರೆದುಕೊಂಡು ಹೋಗಿದ್ದೆ. ಒಳಗೆ ಮಸಿ ಹಿಡಿದ ಗೋಡೆ, ಹೊಗೆ, ಒಲೆ ಮುಂದೆ ಕಾದ ಮರಳಲ್ಲಿ ಅಕ್ಕಿ ಹುರಿಯುವವನು, ಬಾಗಿಲ ಹತ್ತಿರ ಬಿಸಿಲಿಗೆ ಬಿದ್ದ ಮಂಡಕ್ಕಿ ರಾಶಿ. ಹುರಿಯುವವನ ಮುಖಕ್ಕೆ ಬೆಳಕು ಸರಿಮಾಡಿಕೊಂಡು ಒಬ್ಬ ಹೊಡೆದ, ರಾಶಿ ಪೂರ್ತಿ ಬೆಳ್ಳಗೆ, ಒಂದು ಕಾಳೂ ಕಾಣಲ್ಲ. "ಬರ್ನ್ ಆಗಿದೆ" ಅಂದೆ, ಸ್ಟುಡಿಯೋದಲ್ಲಿ ಎಲ್ಲರೂ ಹಂಗೇ ಅನ್ನೋದು. ಮನೆಗೆ ಬಂದು ಅದನ್ನೇ ಕನ್ನಡದಲ್ಲಿ 'ಸುಟ್ಟುಹೋಗಿದೆ' ಅಂತ ಬರೆದು ಅವ್ವನಿಗೆ ಓದಿ ಹೇಳಿದರೆ, "ಸುಟ್ರೆ ಕರ್ರಗಾಗಬೇಕಲ್ಲೋ, ಬೆಳ್ಳಗೆ ಹೆಂಗಾತು?" ಅಂದಳು. ಸರಿಯಾಗೇ ಕೇಳಿದಳು. ನಮ್ಮಲ್ಲಿ ದೋಸೆ ಸೀದರೂ ಕಪ್ಪೇ, ಬೆಣ್ಣೆ ಎಷ್ಟೇ ಹಾಕಿರಲಿ.

ಆಮೇಲೆ ಫೋಟೋ ನೋಡಿ ಅವಳೇ ಅಂದಳು, "ಸುಣ್ಣ ಬಳಿದಂಗೈತಿ". ಇದು ನನಗೆ ತುಂಬಾ ಹಿಡಿಸಿತು. ಯಾಕೆ ಅಂದರೆ ಇಲ್ಲಿ ಎರಡು ಬೇರೆ ಬೇರೆ ಸ್ಥಿತಿ ಇವೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೂ 0ರಿಂದ 255ರವರೆಗೆ ಮೆಟ್ಟಿಲು. ರಾಶಿ ಪೂರ್ತಿ 255ಕ್ಕೆ ಹೋಗಿ ನಿಂತಿದ್ದರೆ ಒಂದು ಕಾಳಿಗೂ ಇನ್ನೊಂದಕ್ಕೂ ವ್ಯತ್ಯಾಸವೇ ಉಳಿದಿಲ್ಲ, ಹೈಲೈಟ್ಸ್ ಎಷ್ಟು ಇಳಿಸಿದರೂ ಬರುವುದು ಹೆಚ್ಚೆಂದರೆ ಬೂದು ಬಣ್ಣ. ಕ್ಯಾಮೆರಾ ಕಂಡದ್ದನ್ನು ತಿದ್ದದೆ ಹಾಗೇ ಇಟ್ಟುಕೊಳ್ಳುವ ರಾ ಫೈಲು, ಅದೂ 14 ಬಿಟ್‌ನದಾದರೆ, 16,384 ಮೆಟ್ಟಿಲು, ಪರದೆ ಮೇಲೆ ಬೆಳ್ಳಗೆ ಕಂಡರೂ ಒಳಗೆ ಕಾಳು ಇರಬಹುದು, ಇಳಿಸಿದರೆ ಮೂಡಿ ಬರುತ್ತೆ. ಹಾಗೆ ತಿರುಗಿ ಬರುವುದಕ್ಕೆ 'ಬಿಳಿಚಿಕೊಂಡಿದೆ', ಬಾರದೇ ಇರುವುದಕ್ಕೆ 'ಸುಣ್ಣ ಆಗಿದೆ' ಅಂದರೆ ಹೇಗೆ? ಬಿಳಿಚಿಕೊಂಡ ಮುಖಕ್ಕೆ ಮತ್ತೆ ಕಳೆ ಬರುತ್ತಲ್ಲ, ಸುಣ್ಣದ ಕೆಳಗಿನ ಗೋಡೆಬರಹ ಹೋಯ್ತು ಅಂದರೆ ಹೋಯ್ತು. ಹುಡುಗರು ಆಗಲೇ "ಸಾರ್, ಇದು ಸುಣ್ಣ" ಅನ್ನೋಕೆ ಶುರು ಮಾಡಿದ್ದಾರೆ.

ಇನ್ನು ಎಕ್ಸ್‌ಪೋಶರ್. 'ಬೆಳಕಿಗೆ ಒಡ್ಡುವುದು' ಕ್ಯಾಮೆರಾ ಹಿಡಿದಾಗ ಚೆನ್ನಾಗಿಯೇ ಇದೆ, ಬಿಸಿಲಿಗೆ ಮೈ ಒಡ್ಡು ಅಂತೀವಲ್ಲ ಹಾಗೆ. ಆದರೆ ಕಂಪ್ಯೂಟರ್ ಮುಂದೆ ಕೂತಾಗ ಒಡ್ಡೋಕೆ ಏನು ಉಳಿದಿದೆ? ಬೆಳಕು ಬಿದ್ದಾಗಿದೆ, ಕ್ಯಾಮೆರಾದ ಬಾಗಿಲು ಮುಚ್ಚಾಗಿದೆ. ರಾ ಫೈಲಿನಲ್ಲಿ +1 ಅಂದರೆ ಇದ್ದ ಬೆಳಕನ್ನು ಇಮ್ಮಡಿ ಮಾಡುವುದು, -1 ಅಂದರೆ ಅರ್ಧಕ್ಕೆ ಇಳಿಸುವುದು, ಅಷ್ಟೇ. ಹಂಗೆ ಎತ್ತಿದಾಗ ಕತ್ತಲ ಕಡೆ ಕಾಳು ಕಾಳಾಗಿ ನಾಯ್ಸ್ ಏಳುವುದೂ ಅದಕ್ಕೇ, ಅಲ್ಲಿ ಬಿದ್ದ ಬೆಳಕೇ ಕಮ್ಮಿ. ನಾನು 'ಬತ್ತಿ ಏರಿಸು, ಬತ್ತಿ ಇಳಿಸು' ಅಂತ ಬರೆದೆ, ಲಾಟೀನಿನ ನೆನಪಲ್ಲಿ. ಹುಡುಗರಿಗೆ ತಲೆಬುಡ ತಿಳಿಯಲಿಲ್ಲ, ಲಾಟೀನು ನೋಡಿದವರು ಒಬ್ಬರೂ ಇಲ್ಲ. 'ಬೆಳಕು ಏರಿಸು' ಅಂತ ತಿದ್ದಿದೆ. ಆದರೆ ಪಕ್ಕದಲ್ಲೇ 'ಬೆಳಕಿನ ಕಡೆ ಏರಿಸು' ಬರುತ್ತೆ, ಮತ್ತೆ ಗೊಂದಲ.

ನಿಮ್ಮ ಕಡೆ ಸ್ಟುಡಿಯೋದವರು ಇದಕ್ಕೆ ಏನಂತಾರೆ? ಡಿಕ್ಷನರಿ ಪದ ಬೇಡ, ಬಾಯಲ್ಲಿ ಓಡಾಡೋದು ಬೇಕು. ಚಿತ್ರದುರ್ಗದ ಕಡೆಯವರು ಯಾರಾದರೂ ಇದ್ದರೆ, ಓಬವ್ವನ ಕಿಂಡಿ ಒಳಗಿಂದ ಹೊರಗಿನ ಬಿಸಿಲು ತೆಗೆಯುವಾಗ ಗೈಡುಗಳು, ಫೋಟೋದವರು ಏನು ಹೇಳ್ತಾರೆ ಅಂತಲೂ ತಿಳಿಸಿ.