‘ನಿಲ್ಲಿಸು’ ಎಂಬ ಒಂದೇ ಪದ ಸಾಕೇ?

ತಂತ್ರಾಂಶವೊಂದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಿನ್ನೆಲೆಯಲ್ಲಿ ಗಂಟೆಗಟ್ಟಲೆ ಓಡುವ ಸಹಾಯಕ ಪ್ರಕ್ರಿಯೆಗಳನ್ನು ಮುಚ್ಚುವ ಅಧ್ಯಾಯದ ಕರಡಿನಲ್ಲಿ ಎಲ್ಲೆಲ್ಲೂ ‘ನಿಲ್ಲಿಸು’ ಎಂದೇ ಇದೆ. ಓದಲು ಸಲೀಸು, ಅರ್ಥ ಮಾತ್ರ ಕಲಸುಮೇಲೋಗರ.

ಲಿನಕ್ಸ್‌ನಂಥ ಯುನಿಕ್ಸ್ ಬಗೆಯ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಸಿಗ್‌ಟರ್ಮ್ (15) ಎಂಬ ಸಂಕೇತ ಬರೀ ಕೋರಿಕೆ. ಅದು ತಲುಪಿದ ಪ್ರಕ್ರಿಯೆ ಬರೆಯಬೇಕಾದದ್ದನ್ನು ಡಿಸ್ಕಿಗೆ ಬರೆದು, ತಾನು ಓಡುತ್ತಿದ್ದೇನೆಂದು ಸೂಚಿಸುವ ಬೀಗದ ಕಡತವನ್ನು ಅಳಿಸಿ, ತನ್ನ ಮರಿ ಪ್ರಕ್ರಿಯೆಗಳಿಗೂ ಹೇಳಿ ಹೊರಡಬಹುದು. ಕಿವಿಗೆ ಹಾಕಿಕೊಳ್ಳದೆಯೂ ಇರಬಹುದು. ಸಿಗ್‌ಕಿಲ್ (9) ಹಾಗಲ್ಲ. ಈ ಸಂಕೇತವನ್ನು ಪ್ರಕ್ರಿಯೆ ತಡೆಯಲಾರದು, ವ್ಯವಸ್ಥೆಯ ತಿರುಳಾದ ಕರ್ನೆಲ್ಲೇ ಪ್ರಕ್ರಿಯೆಯನ್ನು ತೆಗೆದುಹಾಕುತ್ತದೆ. ಬೀಗದ ಕಡತ ಹಾಗೇ ಉಳಿದರೆ ಮುಂದಿನ ಸಲ ತಂತ್ರಾಂಶ ‘ಈಗಾಗಲೇ ಓಡುತ್ತಿದ್ದೇನೆ’ ಎಂದು ಹಟ ಹಿಡಿಯಬಹುದು. ಕೋರಿಕೆಗೂ ಬಲವಂತಕ್ಕೂ ನಡುವೆ, ಹಲವು ಕಂಪ್ಯೂಟರ್‌ಗಳಲ್ಲಿ ತಂತ್ರಾಂಶಗಳನ್ನು ಓಡಿಸಿ ನೋಡಿಕೊಳ್ಳುವ ಕುಬರ್ನೆಟಿಸ್, ಬೇರೆ ಹೇಳದಿದ್ದರೆ 30 ಸೆಕೆಂಡು ಕಾಯುತ್ತದೆ. ಎರಡೂ ‘ನಿಲ್ಲಿಸು’ ಆದರೆ ಈ ಗಡುವು ಯಾವುದರದು ಎಂದು ಓದುಗರಿಗೆ ತಿಳಿಯುವುದು ಹೇಗೆ?

ನಿಜಕ್ಕೂ ‘ನಿಲ್ಲಿಸು’ ಸಲ್ಲುವುದು ಮೂರನೆಯದಕ್ಕೆ: ಪ್ರಕ್ರಿಯೆಯನ್ನು ಇದ್ದಲ್ಲೇ ತಡೆದು ಬೇಕಾದಾಗ ಮುಂದುವರಿಸಲು ಬಿಡುವ ಸಿಗ್‌ಸ್ಟಾಪ್ ಸಂಕೇತಕ್ಕೆ.

ಮೊದಲನೆಯದಕ್ಕೆ ‘ಮುಗಿಸಿಕೊ’ ಎಂಬುದರತ್ತ ನನ್ನ ಒಲವು. ‘ಮುಗಿಸು’ ಎಂದರೆ ಖಳನಾಯಕನ ಮಾತಾಗುತ್ತದೆ. ‘ಕೊಳ್ಳು’ ಸೇರಿದೊಡನೆ ಕೆಲಸ ಪ್ರಕ್ರಿಯೆಯದ್ದೇ ಆಗುತ್ತದೆ. ‘ಮುಗಿಸಿಕೊಳ್ಳಲು 30 ಸೆಕೆಂಡು ಕೊಡಿ’ ಎಂದರೆ ವಿವರಣೆಯೇ ಬೇಡ. ‘ಸೌಮ್ಯ ಸ್ಥಗಿತ’ ಎಂಬ ಸಲಹೆಯೂ ಬಂದಿತ್ತು. ಹಾಗೆ ಯಾರಾದರೂ ಮಾತನಾಡುತ್ತಾರೆಯೇ?

ಎರಡನೆಯದಕ್ಕೆ ‘ಕೊಲ್ಲು’ ನೇರವಾಗಿದೆ, ‘ಕಿಲ್ ಮಾಡು’ ಎಂಬ ರೂಢಿಯೂ ಬೆನ್ನಿಗಿದೆ. ಆದರೆ ತೊಡಕು ಇಲ್ಲೇ: ಸಂಖ್ಯೆ ಕೊಡದಿದ್ದರೆ ಕಿಲ್ ಆದೇಶ ಕಳಿಸುವುದು 15ನ್ನು, 9ನ್ನಲ್ಲ. ಹೆಸರು ಕೊಲೆಯದು, ಕೆಲಸ ಕೋರಿಕೆಯದು! ಆದ್ದರಿಂದ ಆದೇಶದ ಹೆಸರನ್ನು ‘ಕಿಲ್’ ಎಂದೇ ಬಿಟ್ಟು, 9ಕ್ಕೆ ಮಾತ್ರ ‘ಬಲವಂತವಾಗಿ ಕೊನೆಗೊಳಿಸು’ ಎಂದು ಬರೆದಿದ್ದೇನೆ. ವಾಕ್ಯದಲ್ಲಿ ಸರಿ, ಪರದೆಯ ಗುಂಡಿಯಲ್ಲಿ ಹಿಡಿಸದು.

ಸತ್ತ ಮೇಲೂ ತಾಯಿ ಪ್ರಕ್ರಿಯೆ ವಿಚಾರಿಸುವವರೆಗೆ ಪಟ್ಟಿಯಲ್ಲಿ ಉಳಿಯುವ ಜೋಂಬಿಗೆ ‘ಪ್ರೇತ’ ಎಂದು ಹಾಕಿದ್ದೇನೆ. ಅದನ್ನು ಬದಲಿಸುವ ಮನಸ್ಸಿಲ್ಲ.

ಬಲ್ಲವರಲ್ಲಿ ಕೇಳುವುದಿಷ್ಟು: ‘ಮುಗಿಸಿಕೊ’ ಗುಂಡಿಯ ಮೇಲೆ ವಿಚಿತ್ರವಾಗಿ ಕಾಣುತ್ತದೆಯೇ? ‘ಬಲವಂತವಾಗಿ ಕೊನೆಗೊಳಿಸು’ ಎಂಬುದಕ್ಕೆ ಒಂದೇ ಪದದ, ‘ಅಳಿಸು’ ಜೊತೆ ಗೊಂದಲವಾಗದ ಕ್ರಿಯಾಪದ ಇದೆಯೇ?